ಹದಿನೇಳನೇ ನಂಬರಿನ ಹೊಟ್ಟೆ

ಆಸ್ಪತ್ರೆಯವರು ಬೈಂಡರಣ್ಣನಿಗೆ ಮಾತ್ರೆ ಕೊಟ್ಟಿದ್ದರೆ ಹೊಟ್ಟೆಗೆ ಇಳಿಯುತ್ತಿತ್ತು. ನಂಬರು ಕೊಟ್ಟರು, ಅದು ನೆಟ್ಟಗೆ ತಲೆಗೇರಿತು.

ಅಲ್ಲಿಯವರೆಗೆ ಅವನು ನಮ್ಮ ನಿಮ್ಮ ಹಾಗೆ ಒಬ್ಬ ಸಾದಾ ಮನುಷ್ಯ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಪುಸ್ತಕ ಬೈಂಡು ಮಾಡುವ ಅಂಗಡಿ. ಒಳಗೆ ಹಾಳೆ ಒತ್ತುವ ಕಬ್ಬಿಣದ ಪ್ರೆಸ್ಸು, ಅಂಚು ಕೊಯ್ಯುವ ಯಂತ್ರ, ಕೋರ್ಟಿನ ಕಡತಗಳ ಗುಡ್ಡೆ, ಮೂಲೆಯಲ್ಲೊಂದು ಸ್ಟವ್ವು, ಅದರ ಮೇಲೆ ಅಂಟು ಕುದಿಯುವ ಪಾತ್ರೆ. ಕೆಲಸದಲ್ಲಿ ಗಟ್ಟಿಗ. ಅವನು ಬೈಂಡು ಮಾಡಿದ ಪುಸ್ತಕವನ್ನು ಎತ್ತಿ ಗೋಡೆಗೆ ಹೊಡೆದರೂ ಒಂದು ಹಾಳೆ ಕಳಚುವುದಿಲ್ಲ. ಗಿರಾಕಿಗಳ ಎದುರು ಅವನೇ ಹೊಡೆದು ತೋರಿಸುತ್ತಿದ್ದ. ಆದರೆ ಕೂತಲ್ಲಿ ಕೂರುವ ಪೈಕಿ ಅಲ್ಲ. ಹಾಳೆ ಎಣಿಸುತ್ತಲೇ ಬಾಗಿಲಿಗೆ ಬಂದು ಬೀದಿ ನೋಡಬೇಕು, ಅಂಟು ತಿರುವುತ್ತಲೇ ಎದುರಂಗಡಿಯವರನ್ನು ಮಾತಾಡಿಸಬೇಕು. ನೋಡುವವರಿಗೇ ಸುಸ್ತು.

ಒಂಬತ್ತು ವರ್ಷದ ಹಿಂದೆ ಅವನಿಗೆ ಸೀಲಿಯಾಕ್ ಎಂಬ ಕಾಯಿಲೆಯಿದೆ ಎಂದು ಗೊತ್ತಾಯಿತು. ಗೋಧಿ, ಬಾರ್ಲಿಗಳಲ್ಲಿ ಗ್ಲುಟೆನ್ ಅಂತ ಒಂದಿರುತ್ತದಂತೆ. ಅದು ಸಾಸಿವೆಯಷ್ಟು ಒಳಗೆ ಹೋದರೂ ಕರುಳು ತನ್ನ ಮೇಲೆ ತಾನೇ ಮುನಿಸಿಕೊಂಡು ರಂಪ ಮಾಡುತ್ತದಂತೆ. ಇದಕ್ಕೆ ಔಷಧಿ ಇಲ್ಲ, ಗೋಧಿ ಬಿಡಬೇಕು ಅಷ್ಟೆ. ಬಿಟ್ಟ. ಬ್ರೆಡ್ಡು, ಬಿಸ್ಕತ್ತು, ಕೇಕು, ಕಣ್ಣೆತ್ತಿಯೂ ನೋಡದಂತೆ ಬಿಟ್ಟ. ಆದರೂ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೊಟ್ಟೆ ಉಬ್ಬಿ ನೋವು ಶುರುವಾಗುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಒಂದು ಪ್ರಶ್ನೆ.

"ಇವತ್ತು ಡಬ್ಬಿಗೆ ಏನು ಹಾಕಿದ್ದೆ?"

ಕೇಳುತ್ತಿದ್ದುದು ಹೆಂಡತಿಯನ್ನು. ನಿಜ ಹೇಳಬೇಕೆಂದರೆ ಗೋಧಿ ಬಿಟ್ಟವಳು ಅವನಿಗಿಂತ ಹೆಚ್ಚಾಗಿ ಆಕೆ. ಮನೆಯೊಳಗೆ ಒಂದು ಕಾಳು ಗೋಧಿ ಬರಲು ಬಿಡಲಿಲ್ಲ. ತಾಯಿ ಕೊಟ್ಟಿದ್ದ ಹಿತ್ತಾಳೆಯ ಜರಡಿಯಲ್ಲಿ ಹಿಂದೆ ಗೋಧಿ ಹಿಟ್ಟು ಹಿಡಿದಿದ್ದೆ ಎಂಬ ಒಂದೇ ಕಾರಣಕ್ಕೆ ಅಳುತ್ತಾ ಅದನ್ನು ಗುಜರಿಗೆ ಹಾಕಿದಳು. ಅಷ್ಟಾದರೂ ನೋವು ಹೋಗಲಿಲ್ಲವಲ್ಲ, ತಪ್ಪು ತನ್ನ ಅಡುಗೆಮನೆಯಲ್ಲೇ ಎಲ್ಲೋ ಅಡಗಿದೆ ಎಂದು ನೋಟುಪುಸ್ತಕ ಇಟ್ಟು ದಿನವೂ ಬರೆಯತೊಡಗಿದಳು: 'ಅನ್ನ, ಬೀನ್ಸು, ಮೊಸರು. ಸಂಜೆ ನೋವು: ಇದೆ.' ಎರಡನೇ ವರ್ಷ ಬೀನ್ಸನ್ನು ಮನೆಯಿಂದ ಗಡೀಪಾರು ಮಾಡಿದಳು. ನಾಲ್ಕನೇ ವರ್ಷ ಹೂಕೋಸು ಹೋಯಿತು. ಆರನೇ ವರ್ಷ ಪಾಪದ ಉಪ್ಪಿನ ಮೇಲೂ ಅನುಮಾನ ಬಂದು ಎರಡು ವಾರ ಸಪ್ಪೆ ಊಟ. ನಾದಿನಿ ಬಂದಾಗಲೆಲ್ಲ "ಪಾತ್ರೆ ಸರಿಯಾಗಿ ತೊಳೀತೀಯೇನೇ?" ಎಂದು ಸಿಂಕಿನೊಳಗೆ ಇಣುಕಿ ಹೋಗುತ್ತಿದ್ದಳು. ಹೆಂಡತಿ ಹಲ್ಲು ಕಚ್ಚಿಕೊಂಡು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಹೀಗಿರುವಾಗ ದೊಡ್ಡಾಸ್ಪತ್ರೆಯ ಮೂರನೇ ಮಹಡಿಯಲ್ಲಿ ಸೀಲಿಯಾಕ್ ಇರುವ ದೊಡ್ಡವರ ಮೇಲೆ ಹೊಸ ಔಷಧಿಯೊಂದನ್ನು ಪರೀಕ್ಷೆ ಮಾಡುತ್ತಾರೆಂದು ಸುದ್ದಿ ಬಂತು. ಅವರಿಗೆ ಬೇಕಾಗಿದ್ದುದು, ಕಟ್ಟುನಿಟ್ಟಾಗಿ ಪಥ್ಯ ಮಾಡಿದರೂ ನೋವು ಹೋಗದವರು. ಬೈಂಡರಣ್ಣ ಅಂಗಡಿಗೆ ಬೀಗ ಜಡಿದು ಓಡಿದ.

ಅಲ್ಲಿದ್ದ ಡಾಕ್ಟರಮ್ಮ ಸಮಾಧಾನದ ಹೆಂಗಸು. ಎಲ್ಲ ಬಿಡಿಸಿ ಹೇಳಿದರು. ಮೊದಲ ಆರು ವಾರ ಔಷಧಿ ಇಲ್ಲ, ಬರೀ ನೋಡುವುದು. ದಿನಾ ಬೆಳಿಗ್ಗೆಯ ಮೊದಲ ಮೂತ್ರವನ್ನು ನೀಲಿ ಮುಚ್ಚಳದ ಬಾಟ್ಲಿಯಲ್ಲಿ ಹಿಡಿದು ಫ್ರಿಜ್ಜಿನಲ್ಲಿಟ್ಟು ವಾರಕ್ಕೊಮ್ಮೆ ತಂದುಕೊಡಬೇಕು. ಹಿಂದಿನ ದಿನ ಗೋಧಿ ಒಳಗೆ ಹೋಗಿದ್ದರೆ ಅದರಲ್ಲಿ ಗೊತ್ತಾಗುತ್ತದೆ. ಹೊಟ್ಟೆನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿ ಡೈರಿ ಬರೆಯಬೇಕು. ಆಮೇಲೆ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ನೋಡಲು ಹಾಗೇ ಇರುವ, ಒಳಗೆ ಔಷಧಿಯೇ ಇಲ್ಲದ ಮಾತ್ರೆ.

"ಈ ಒಪ್ಪಿಗೆ ಪತ್ರ ಇಪ್ಪತ್ತೆರಡು ಪುಟ ಇದೆ," ಎಂದರು ಡಾಕ್ಟರಮ್ಮ. "ಮನೆಗೆ ತಗೊಂಡು ಹೋಗಿ ಪೂರ್ತಿ ಓದಿ. ಸಂದೇಹ ಇದ್ರೆ ಕೇಳಿ. ಆಮೇಲೆ ಕೊನೇ ಪುಟದಲ್ಲಿ 'ಓದಿ, ತಿಳಿದು, ಒಪ್ಪಿದ್ದೇನೆ' ಅಂತ ನಿಮ್ಮ ಕೈಯಾರೆ ಬರೆದು ಸಹಿ ಹಾಕಿ. ಅವಸರ ಏನೂ ಇಲ್ಲ."

ಬೈಂಡರಣ್ಣ ಕಟ್ಟನ್ನು ಮಗುಚಿ ಅದರ ಬೆನ್ನು ನೋಡಿದ. ಮುಖ ಕಿವುಚಿದ. "ಏನು ಮೇಡಂ ಇದು? ಇಷ್ಟು ದೊಡ್ಡ ಸಂಶೋಧನೆ, ಒಂದೇ ಒಂದು ಸ್ಟೇಪಲ್ ಪಿನ್ನು! ನಾಳೆ ಹಾಳೆ ಉದುರಿದ್ರೆ ಯಾರು ಹೊಣೆ?"

ಕೇಳಿದ ಸಂದೇಹ ಅದೊಂದೇ. ಅಲ್ಲೇ ನಿಂತುಕೊಂಡು ಕೊನೆಯ ಪುಟಕ್ಕೆ ಹಾರಿ, ಓದಿ ತಿಳಿದು ಒಪ್ಪಿದ್ದೇನೆ ಎಂದು ದುಂಡಗೆ ಬರೆದು ಸಹಿ ಬಿಗಿದ. ಒಂದಕ್ಷರ ಓದಲಿಲ್ಲ. ಹನ್ನೊಂದನೇ ಪುಟವನ್ನಂತೂ ತೆರೆಯಲೇ ಇಲ್ಲ. ಆ ಪುಟದ ಸಮಾಚಾರ ಆಮೇಲೆ ಬರುತ್ತದೆ.

ಪಕ್ಕದಲ್ಲಿದ್ದ ನರ್ಸಮ್ಮ ರಿಜಿಸ್ಟರು ನೋಡಿ ಹೇಳಿದರು: "ಇನ್ಮೇಲೆ ಇಲ್ಲಿ ನಿಮ್ಮ ಹೆಸರು ಇರಲ್ಲ. ನೀವು ಹದಿನೇಳು."

ಆ ಕ್ಷಣದಲ್ಲಿ ಬೈಂಡರಣ್ಣನ ಎದೆ ಎರಡಿಂಚು ಮುಂದೆ ಬಂತು. ಹೆಸರು ಯಾರಿಗಾದರೂ ಇರುತ್ತದೆ, ನಂಬರು ಎಲ್ಲರಿಗೂ ಸಿಗುತ್ತದೆಯೇ!

ಅಂಗಡಿಗೆ ಬಂದವನು ಕೋರ್ಟಿನ ಕಡತಗಳನ್ನು ಪಕ್ಕಕ್ಕೆ ತಳ್ಳಿ ಮೊದಲು ಮಾಡಿದ ಕೆಲಸ, ಆಸ್ಪತ್ರೆಯವರು ಕೊಟ್ಟ ಪೇಲವ ಡೈರಿಯನ್ನು ಬಿಚ್ಚಿದ್ದು. ಹೊಸದಾಗಿ ಹೊಲಿದ. ಬಿಸಿ ಅಂಟನ್ನು ಕಡ್ಡಿಯಲ್ಲಿ ತಿರುವಿ, ನಾಲಿಗೆಗಿಟ್ಟು ಹದ ನೋಡಿ, ಬೆನ್ನಿಗೆ ಬಳಿದ. ಕೆಂಪು ಚರ್ಮದ ರಟ್ಟು ಹಾಕಿದ. ಹಿತ್ತಾಳೆಯ ಅಚ್ಚು ಕಾಯಿಸಿ, ಚಿನ್ನದ ರೇಕು ಇಟ್ಟು, ಮೇಲೆ '೧೭' ಎಂದು ಒತ್ತಿದ. ಆಮೇಲೆ ಅದನ್ನು ಕಂಕುಳಲ್ಲಿ ಇರುಕಿಕೊಂಡು ಬೀದಿಯ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಿ ಬಂದ. ಕೆಲಸವೇನೂ ಇರಲಿಲ್ಲ.

"ಏನ್ ಬೈಂಡರಣ್ಣ, ಭಾರೀ ಪುಸ್ತಕ?" ಎಂದಳು ಎದುರಿನ ಬೇಕರಿಯಮ್ಮ, ಬನ್ನಿನ ತಟ್ಟೆ ಜೋಡಿಸುತ್ತಾ.

"ಸಂಶೋಧನೆ ಕಣಮ್ಮಾ, ಸಂಶೋಧನೆ! ನನ್ನ ಹೊಟ್ಟೆ ಮೇಲೆ ನಡೀತಾ ಇದೆ. ಯಾವ ಮಾತ್ರೆ ಕೊಟ್ರು ಅಂತ ನನಗೂ ಗೊತ್ತಿರಲ್ಲ, ಡಾಕ್ಟರಿಗೂ ಗೊತ್ತಿರಲ್ಲ."

"ಮತ್ತೆ ಯಾರಿಗೆ ಗೊತ್ತಿರುತ್ತೆ?"

"ಕಂಪ್ಯೂಟರಿಗೆ!"

"ಡಾಕ್ಟರಿಗೇ ಗೊತ್ತಿಲ್ದೇ ಇರೋದನ್ನ ನುಂಗೋಕೆ ಇಷ್ಟೊಂದು ಖುಷಿನಾ?" ಎಂದು ಬೇಕರಿಯಮ್ಮ ನಕ್ಕಳು. ಸಂಜೆಯ ಹೊತ್ತಿಗೆ ಇಡೀ ಬೀದಿ ಅವನನ್ನು ಹದಿನೇಳು ಎಂದು ಕರೆಯುತ್ತಿತ್ತು. ಅವರು ಗೇಲಿ ಮಾಡುತ್ತಿದ್ದರು, ಇವನು ಅದನ್ನು ಬಿರುದು ಅಂದುಕೊಂಡ.

ಮನೆಯಲ್ಲಿ ಫ್ರಿಜ್ಜಿನ ಬೆಣ್ಣೆ ಇಡುವ ಜಾಗದಲ್ಲಿ ನೀಲಿ ಮುಚ್ಚಳದ ಬಾಟ್ಲಿಗಳು ಸಾಲಾಗಿ ಕೂತವು. "ಒಂಬತ್ತು ವರ್ಷ ಈ ಅಡುಗೆಮನೆಗೆ ಒಂದು ಕಸ ಬರದ ಹಾಗೆ ನೋಡ್ಕೊಂಡೆ. ಈಗ ಇದನ್ನ ತಂದಿಟ್ಟಿದ್ದೀರಲ್ಲ," ಎಂದು ಹೆಂಡತಿ ಗೊಣಗಿದಳು. ಆದರೂ ಪ್ರತಿ ಬಾಟ್ಲಿಗೂ ತಾರೀಖಿನ ಚೀಟಿ ಅಂಟಿಸಿದವಳು ಆಕೆಯೇ. ಈ ಔಷಧಿಯಿಂದಾದರೂ ಆ ಸಂಜೆಯ ಪ್ರಶ್ನೆ ನಿಂತರೆ ಸಾಕು ಎಂಬುದೊಂದೇ ಆಕೆಯ ಆಸೆ.

ಮೂರು ವಾರ ಕಳೆಯಿತು. ನರ್ಸಮ್ಮ ಫೋನು ಮಾಡಿ ಗಂಡ ಹೆಂಡತಿ ಇಬ್ಬರೂ ಬನ್ನಿ ಎಂದರು. ತನ್ನ ಡೈರಿ ಮೆಚ್ಚಿ ಕರೆದಿದ್ದಾರೆ ಎಂದುಕೊಂಡು ಬೈಂಡರಣ್ಣ ಇಸ್ತ್ರಿ ಅಂಗಿ ಹಾಕಿಕೊಂಡ.

ಡಾಕ್ಟರಮ್ಮ ಕೆಂಪು ಚರ್ಮದ ಡೈರಿಯನ್ನು ಎರಡು ಬೆರಳಲ್ಲಿ ಹಿಡಿದು ಕೂತಿದ್ದರು. "ಇದು ಆಸ್ಪತ್ರೆ ದಾಖಲೆ. ನೀವು ಬಿಚ್ಚಬಾರದಿತ್ತು. ಇರಲಿ, ಈಗ ಅದಲ್ಲ ವಿಷಯ. ನಿಮ್ಮ ಬಾಟ್ಲಿಗಳಲ್ಲಿ ಗೋಧಿ ಇದೆ."

"ಯಾರ ಬಾಟ್ಲಿ ಮೇಡಂ?"

"ಹದಿನೇಳು."

ಬೈಂಡರಣ್ಣ ಹಿಂದೆ ತಿರುಗಿ ಬೇರೆ ಹದಿನೇಳು ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದ.

"ವಿಚಿತ್ರ ಏನಂದ್ರೆ," ಎಂದು ಡಾಕ್ಟರಮ್ಮ ಕಾಗದ ತಿರುಗಿಸಿ ತೋರಿಸಿದರು, "ವಾರ ಪೂರ್ತಿ ಗೋಧಿ ಇದೆ. ಸೋಮವಾರ ಬೆಳಗಿನ ಬಾಟ್ಲಿ ಮಾತ್ರ ಶುದ್ಧ. ಅಂದ್ರೆ ಭಾನುವಾರ ನೀವು ಗೋಧಿ ತಿಂದಿಲ್ಲ. ಮಿಕ್ಕ ಆರು ದಿನ ತಿಂದಿದ್ದೀರಿ. ಭಾನುವಾರ ಎಲ್ಲಿರ್ತೀರಿ?"

"ಮನೇಲಿ," ಎಂದಳು ಹೆಂಡತಿ. ಧ್ವನಿ ಬದಲಾಗಿತ್ತು. "ಭಾನುವಾರ ಒಂದು ದಿನ ಮಾತ್ರ ಇಡೀ ದಿನ ಮನೇಲಿರ್ತಾರೆ. ನಾನು ಮಾಡಿದ್ದನ್ನೇ ತಿಂತಾರೆ."

"ನನ್ನಾಣೆ, ನಿಮ್ಮಾಣೆ, ಒಂದು ಚೂರು ಬ್ರೆಡ್ಡು ಮುಟ್ಟಿದ್ರೆ ಕೇಳಿ!" ಎಂದು ಬೈಂಡರಣ್ಣ ಎದ್ದು ನಿಂತ, ಕೂತ, ಮತ್ತೆ ಎದ್ದ. ಡಾಕ್ಟರಮ್ಮ ಸಮಾಧಾನವಾಗಿಯೇ ಹೇಳಿದರು: ಗೋಧಿ ತಿನ್ನುತ್ತಿರುವವರಿಗೆ ಈ ಪರೀಕ್ಷೆಯಲ್ಲಿ ಜಾಗವಿಲ್ಲ. ಇನ್ನೆರಡು ವಾರ ನೋಡುತ್ತೇವೆ. ಆಗಲೂ ಹೀಗೇ ಇದ್ದರೆ ಹದಿನೇಳನೇ ನಂಬರು ಖಾಲಿ.

ಮನೆಗೆ ಬರುವ ಬಸ್ಸಿನಲ್ಲಿ ಹೆಂಡತಿ ಕೈಚೀಲ ಮಡಿಲಲ್ಲಿ ಅವುಚಿಕೊಂಡು ಕೂತಳು. ಅವನು ಕಿಟಕಿಯ ಸೀಟಿನಿಂದ ಈ ಕಡೆಗೆ, ಈ ಕಡೆಯಿಂದ ಕಿಟಕಿಗೆ ನಾಲ್ಕು ಸಲ ಜಾಗ ಬದಲಾಯಿಸಿದ. ಮನೆಯ ಬಾಗಿಲು ಹಾಕಿದ ಮೇಲೆ ಆಕೆ ಅಡುಗೆಮನೆಯ ಕಪಾಟಿನಿಂದ ಒಂಬತ್ತು ನೋಟುಪುಸ್ತಕ ತೆಗೆದು ಮೇಜಿನ ಮೇಲೆ ಧೊಪ್ಪನೆ ಹಾಕಿದಳು.

"ಬೀನ್ಸ್ ಬಿಟ್ಟೆ. ಹೂಕೋಸು ಬಿಟ್ಟೆ. ಅಮ್ಮನ ಜರಡಿ ಗುಜರಿಗೆ ಹಾಕ್ದೆ. ನಿಮ್ಮ ತಂಗಿ ಬಂದು ನನ್ನ ಸಿಂಕು ಮೂಸಿ ಹೋದ್ಳು. ಒಂಬತ್ತು ವರ್ಷ ನನ್ನ ಕೈನ ನಾನೇ ನಂಬಲಿಲ್ಲ ಕಣ್ರೀ! ನೀವು ಹೊರಗೆ ಬನ್ನು ತಿಂದು ಬಂದು, ಡಬ್ಬಿಗೆ ಏನು ಹಾಕಿದ್ದೆ ಅಂತ ನನ್ನ ಕೇಳ್ತಿದ್ರಾ?"

"ಇಲ್ಲ ಕಣೇ..."

"ಹಾಗಾದ್ರೆ ಗೋಧಿ ಗಾಳೀಲಿ ಹಾರಿ ಬಂತಾ?"

ನಂಬರು ಹೋಗುವುದಿರಲಿ, ಈಗ ಮನೆಯಲ್ಲಿ ಮಾನವೇ ಹೋಗಿತ್ತು. ಆಕೆ ಅಂದಿನಿಂದ ಡಬ್ಬಿ ಕಟ್ಟುವುದನ್ನು ನಿಲ್ಲಿಸಲಿಲ್ಲ, ಆದರೆ ಮಾತಾಡುವುದನ್ನು ನಿಲ್ಲಿಸಿದಳು. ಬೈಂಡರಣ್ಣನಿಗೆ ಅದಕ್ಕಿಂತ ಹೊಟ್ಟೆನೋವೇ ವಾಸಿ ಅನ್ನಿಸಿತು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಆಕೆ ಬೇಕರಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದಳು.

"ನಮ್ಮ ಯಜಮಾನ್ರಿಗೆ ದಿನಾ ಏನು ಕೊಡ್ತೀರಿ?"

ಬೇಕರಿಯಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. "ನಾನಾ? ನಿಮ್ಮ ಯಜಮಾನ್ರಿಗಾ? ಅಲ್ಲಮ್ಮಾ, ನನ್ನ ಬನ್ನು ಬಿಸಿಬಿಸಿ ಒಲೆಯಿಂದ ಇಳಿದಾಗ ಇಡೀ ಬೀದಿ ಮೂಗು ಅರಳಿಸುತ್ತೆ. ನಿಮ್ಮ ಯಜಮಾನ್ರು ಕರ್ಚೀಫಿಂದ ಮೂಗು ಮುಚ್ಕೊಳ್ತಾರೆ! ಒಂಬತ್ತು ವರ್ಷದಿಂದ ಆ ಅವಮಾನ ನುಂಗಿದ್ದೀನಿ ನಾನು. ಈಗ ಕದ್ದು ತಿನ್ನಿಸ್ತೀನಿ ಅಂತ ಬೇರೆ ಹೇಳ್ತೀರಾ? ನನ್ನ ಬನ್ನಿಗೂ ಒಂದು ಮರ್ಯಾದೆ ಇದೆ!"

ಬೀದಿ ಎರಡು ಪಾಲಾಯಿತು. ಛತ್ರಿ ರಿಪೇರಿಯವನು, ಬೈಂಡರಣ್ಣ ಕದ್ದು ತಿನ್ನುವುದನ್ನು ಕಣ್ಣಾರೆ ಕಂಡಿದ್ದೇನೆ ಎಂದ. ಎಲ್ಲಿ, ಏನು ಎಂದು ಕೇಳಿದರೆ, ಕಂಡಿದ್ದು ಬೆನ್ನು ಮಾತ್ರ, ಆದರೆ ಅದು ತಿನ್ನುವವನ ಬೆನ್ನೇ ಎಂದು ಸಾಧಿಸಿದ. ಕನ್ನಡಕದಂಗಡಿಯವರು ಆಸ್ಪತ್ರೆಯಲ್ಲಿ ಬಾಟ್ಲಿ ಅದಲುಬದಲಾಗಿದೆ ಎಂದು ವಾದಿಸಿದರು. ಹಾಗಾದರೆ ಇಷ್ಟು ಅಚ್ಚುಕಟ್ಟಾಗಿ ವಾರದಲ್ಲಿ ಆರು ದಿನ ಮಾತ್ರ ಯಾರ ಬಾಟ್ಲಿ ಬರುತ್ತದೆ ಎಂದರೆ ಅವರೂ ತೆಪ್ಪಗಾದರು. ಬೈಂಡರಣ್ಣ ಅಂಗಡಿಯೊಳಗೆ ಪ್ರೆಸ್ಸಿನಿಂದ ಬಾಗಿಲಿಗೆ, ಬಾಗಿಲಿನಿಂದ ಸ್ಟವ್ವಿಗೆ ಶತಪಥ ತುಳಿಯುತ್ತಿದ್ದ.

ಕೊನೆಗೆ ಹೆಂಡತಿ ತನ್ನ ಅಣ್ಣನನ್ನು ಕರೆಸಿದಳು.

ಈ ಭಾವ ಮೂವತ್ತನಾಲ್ಕು ವರ್ಷ ರೈಲಿನಲ್ಲಿ ಟಿಕೆಟ್ ನೋಡಿದವರು. ನಿವೃತ್ತರಾದ ಮೇಲೂ ಭೂಮಿಯ ಮೇಲಿನ ಮನುಷ್ಯರನ್ನು ಟಿಕೆಟ್ ಇದ್ದವರು, ಇಲ್ಲದವರು ಎಂದು ಎರಡೇ ಗುಂಪು ಮಾಡಿ ನೋಡುತ್ತಿದ್ದರು. ತಂಗಿಯ ಗಂಡ ಎರಡನೇ ಗುಂಪು ಎಂದು ಮದುವೆಯ ದಿನವೇ ತೀರ್ಮಾನವಾಗಿತ್ತು.

"ಇಂಥವರನ್ನ ಎಷ್ಟು ಜನ ನೋಡಿಲ್ಲ ನಾನು," ಎಂದರು ತಂಗಿಗೆ. "ಬಾತ್‌ರೂಮಲ್ಲಿ ಬಚ್ಚಿಟ್ಕೊಂಡವನನ್ನ ಬಾಗಿಲ ಸಂದಿನ ಗಾಳಿಯಿಂದಲೇ ಕಂಡುಹಿಡಿದಿದ್ದೀನಿ. ಒಂದು ವಾರ ಕೊಡು. ಹಿಡ್ಕೊಡ್ತೀನಿ."

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಭಾವ ಮಡಿಸುವ ಕುರ್ಚಿ, ಒಂದು ದಪ್ಪ ನೋಟುಪುಸ್ತಕ, ಕೈಗಡಿಯಾರದೊಂದಿಗೆ ಹಾಜರು. ಮೊದಲು ಅವನ ಜೇಬು ನೋಡಿದರು. ಆಮೇಲೆ ಡ್ರಾಯರು, ಪ್ರೆಸ್ಸಿನ ಅಡಿ, ಕೋರ್ಟಿನ ಕಡತಗಳ ನಡುವೆ. ಮೂಲೆಯ ಮೈದಾ ಚೀಲ ಕಂಡು ಹುಬ್ಬೇರಿಸಿದರು.

"ಇದೇನು?"

"ಅಂಟು ಮಾಡೋಕೆ ಭಾವ."

"ಹಸೀ ಹಿಟ್ಟು ತಿಂತೀಯಾ?"

"ಅಯ್ಯೋ, ಯಾರು ತಿಂತಾರೆ?"

"ಸರಿ," ಎಂದು ಚೀಲದ ಬಾಯಿಗೆ ದಾರ ಕಟ್ಟಿ, ದಾರಕ್ಕೆ ಅರಗು ಒತ್ತಿ ಮೊಹರು ಹಾಕಿದರು. ಬೆಳಿಗ್ಗೆ ಅಂಟಿಗೆ ಬೇಕಾದಷ್ಟು ಮಾತ್ರ ಭಾವನ ಎದುರಲ್ಲೇ ತೆಗೆದು, ಮತ್ತೆ ಮೊಹರು. ಆಮೇಲೆ ಎದುರಿಗೆ ಕುರ್ಚಿ ಹಾಕಿಕೊಂಡು ಬೈಂಡರಣ್ಣನ ಬಾಯಿಯ ಮೇಲೆ ದೃಷ್ಟಿ ನೆಟ್ಟು ಕೂತರು. ಕಣ್ಣು ಪಿಳುಕಿಸುವುದೂ ಲೆಕ್ಕಕ್ಕೆ ಸಿಕ್ಕುವಷ್ಟು ಕಡಿಮೆ.

ಯಾರಾದರೂ ನಿಮ್ಮ ಬಾಯಿಯನ್ನೇ ಆರು ದಿನ ನೋಡುತ್ತಾ ಕೂತರೆ ನಿಮಗೆ ಹೇಗಾಗುತ್ತದೆ? ಅವನಿಗೂ ಹಾಗೇ ಆಯಿತು. ಹೊಲಿಗೆ ಸೊಟ್ಟಗಾಯಿತು. ಅಂಟಿನ ಹದ ಸರಿಯಿದೆಯೋ ಇಲ್ಲವೋ ಎಂದು ನಂಬಿಕೆಯೇ ಹೋಗಿ ಮತ್ತೆ ಮತ್ತೆ ನೋಡಿದ. ಹಾಳೆ ಎಣಿಸಿ ಮುಗಿಸಿದರೆ ಎಣಿಕೆ ಮರೆತುಹೋಗಿ ಮತ್ತೆ ಮೊದಲಿನಿಂದ. ಊಟದ ಡಬ್ಬಿ ತೆರೆದರೆ ಭಾವ ಮೂಸಿ ನೋಡಿ "ಸರಿ, ಹೋಗಲಿ" ಎಂದು ಅನುಮತಿ ಕೊಟ್ಟ ಮೇಲೆ ಊಟ. ಪಾಯಿಖಾನೆಗೆ ಹೋದರೆ ಬಾಗಿಲ ಹೊರಗೆ ಭಾವನ ಕೆಮ್ಮು.

ಗುರುವಾರದ ಹೊತ್ತಿಗೆ ಭಾವನಿಗೇ ತಲೆ ಕೆಟ್ಟಿತು. "ಎಂಥಾ ಪಾಕಡಾ ಆಸಾಮಿಯಯ್ಯಾ ನೀನು! ನಾಲ್ಕು ದಿನ ಆಯ್ತು, ಒಂದು ಚೂರು ಸಿಕ್ತಿಲ್ವಲ್ಲ!"

"ತಿಂದ್ರೆ ತಾನೇ ಭಾವ ಸಿಗೋದು!" ಎಂದ ಬೈಂಡರಣ್ಣ, ಅಳುವುದೊಂದು ಬಾಕಿ.

"ಹಾಗೇ ಅಂತಾರೆ ಎಲ್ರೂ," ಎಂದು ಭಾವ ಕುರ್ಚಿಯನ್ನು ಇನ್ನೊಂದು ಅಡಿ ಹತ್ತಿರ ಎಳೆದುಕೊಂಡರು.

ಎರಡು ವಾರ ಮುಗಿದ ದಿನ ಆಸ್ಪತ್ರೆಯ ಮೂರನೇ ಮಹಡಿಗೆ ಒಂದು ಮೆರವಣಿಗೆಯೇ ಹೋಯಿತು. ಬೈಂಡರಣ್ಣ, ಮಾತಾಡದ ಹೆಂಡತಿ, ನೋಟುಪುಸ್ತಕ ಹಿಡಿದ ಭಾವ, ಮತ್ತೆ ತನ್ನ ಬನ್ನಿನ ಹೆಸರು ತೊಳೆದುಕೊಂಡೇ ಬರುತ್ತೇನೆಂದು ಹಟ ಹಿಡಿದ ಬೇಕರಿಯಮ್ಮ. ನರ್ಸಮ್ಮ ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ಎಳೆದು ತಂದರು. ಅವರ ಬೆನ್ನ ಹಿಂದಿನ ಗಾಜಿನ ಕಪಾಟಿನಲ್ಲಿ ಬಿಳಿ ಡಬ್ಬಿಗಳ ಸಾಲು. ಒಂದರ ಮೇಲೆ '೧೭' ಎಂದಿತ್ತು. ಬೈಂಡರಣ್ಣನ ಕಣ್ಣು ಅಲ್ಲೇ ನೆಟ್ಟಿತು.

ಡಾಕ್ಟರಮ್ಮ ಕಾಗದ ನೋಡಿ ತಲೆಯಾಡಿಸಿದರು. "ಕಡಿಮೆ ಆಗೋದಿರಲಿ, ಈ ವಾರ ಗೋಧಿ ಎರಡರಷ್ಟಾಗಿದೆ."

"ಸಾಧ್ಯವೇ ಇಲ್ಲ!" ಎಂದು ಭಾವ ಎದ್ದು ನಿಂತರು. ಜೀವನದಲ್ಲಿ ಮೊದಲ ಸಲ ತಂಗಿಯ ಗಂಡನ ಪರವಾಗಿ, ಅದೂ ಸ್ವಂತ ಮರ್ಯಾದೆಯ ಪ್ರಶ್ನೆಯಾಗಿದ್ದರಿಂದ. "ಈ ಬಾಯಿನ ಆರು ದಿನ ನಾನು ಕಾದಿದ್ದೀನಿ. ನೊಣ ಹೋಗಿದ್ರೂ ಬರ್ಕೊಂಡಿದ್ದೀನಿ. ಕೇಳಿ." ಪುಸ್ತಕ ತೆರೆದು ಓದತೊಡಗಿದರು. "ಸೋಮವಾರ. ಒಂಬತ್ತೂ ಹತ್ತು, ಅಂಟು ಇಳಿಸಿದ್ದು. ಒಂಬತ್ತೂ ಹನ್ನೊಂದು, ಕಡ್ಡಿ ನೆಕ್ಕಿದ್ದು. ಒಂಬತ್ತೂ ಹದಿನಾಲ್ಕು, ಬೆರಳು ಬಾಯಿಗೆ, ಹಾಳೆ ಎಣಿಕೆ. ಒಂಬತ್ತೂ ಇಪ್ಪತ್ತು, ಅಂಟು ಬಳಿದ ಮೇಲೆ ಬೆರಳು ಬಾಯಿಗೆ. ಒಂಬತ್ತೂ ಇಪ್ಪತ್ತೆರಡು, ಮತ್ತೆ ಕಡ್ಡಿ..."

"ಒಂದು ನಿಮಿಷ," ಎಂದರು ನರ್ಸಮ್ಮ.

"ಅದೆಲ್ಲ ಅವನ ಕೆಲಸದ ಚಾಳಿ ಕಣಮ್ಮಾ. ಊಟದ ವಿಷಯ ಮುಂದೆ ಬರುತ್ತೆ, ತಾಳಿ."

"ಕಡ್ಡಿಯಲ್ಲಿ ಏನಿತ್ತು?"

"ಅಂಟು," ಎಂದ ಬೈಂಡರಣ್ಣ. ಕೆಲಸದ ಮಾತು ಬಂದದ್ದೇ ಅವನ ಮುಖ ಅರಳಿತು. "ಅಂಟಿನ ಹದ ಕೈಗೆ ಗೊತ್ತಾಗಲ್ಲ ಮೇಡಂ, ನಾಲಿಗೆಗೆ ಗೊತ್ತಾಗುತ್ತೆ. ನನಗೆ ಕೆಲಸ ಕಲಿಸಿದ ಯಜಮಾನ್ರು ಮೊದಲನೇ ದಿನ ಹೇಳಿಕೊಟ್ಟಿದ್ದು ಅದು. ಸ್ವಲ್ಪ ಹುಳಿ ಬಂದಿದ್ರೂ ಪುಸ್ತಕದ ಬೆನ್ನು ಹಿಡಿಯಲ್ಲ. ಬೇರೆಯವರು ಹುಳ ಹಿಡೀದೇ ಇರಲಿ ಅಂತ ಅಂಟಿಗೆ ವಿಷ ಬೆರೆಸ್ತಾರೆ. ನಾನು ಬೆರೆಸಲ್ಲ. ಯಾಕೆ ಹೇಳಿ? ದಿನಕ್ಕೆ ನೂರು ಸಲ ಬಾಯಿಗಿಡ್ಬೇಕಲ್ಲ!"

"ಅಂಟು ಯಾವುದರಿಂದ ಮಾಡ್ತೀರಿ?"

"ಮೈದಾದಿಂದ."

"ಮೈದಾ ಯಾವುದರಿಂದ ಬರುತ್ತೆ?"

ಬೈಂಡರಣ್ಣ ತನ್ನ ಬೆರಳನ್ನೇ ತಿರುಗಿಸಿ ನೋಡಿಕೊಂಡ. ಭಾವ ತಮ್ಮ ಪುಸ್ತಕವನ್ನು ಮೆಲ್ಲಗೆ ಮುಚ್ಚಿಕೊಂಡರು. ಬೇಕರಿಯಮ್ಮ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು.

"ಆದ್ರೆ ಮೇಡಂ," ಎಂದ ಅವನು ಸಣ್ಣ ಧ್ವನಿಯಲ್ಲಿ, "ಅದು ಅಂಟು. ತಿನ್ನೋ ಪದಾರ್ಥ ಅಲ್ಲ!"

"ನಿಮ್ಮ ಕರುಳಿಗೆ ಅದು ಗೊತ್ತಿಲ್ಲ," ಎಂದರು ಡಾಕ್ಟರಮ್ಮ. ಒಪ್ಪಿಗೆ ಪತ್ರ ತೆಗೆದು ಹನ್ನೊಂದನೇ ಪುಟ ತೋರಿಸಿದರು. ಅಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: 'ನಿಮ್ಮ ಕೆಲಸದ ಜಾಗದಲ್ಲಿ ಯಾವುದೇ ಬಗೆಯ ಹಿಟ್ಟನ್ನು ಬಳಸುತ್ತಿದ್ದರೆ ದಯವಿಟ್ಟು ಮೊದಲೇ ತಿಳಿಸಿ.' "ಓದಿ, ತಿಳಿದು, ಒಪ್ಪಿದ್ದೇನೆ ಅಂತ ಬರೆದಿದ್ದೀರಲ್ಲ?"

"ಪಿನ್ನು ನೋಡ್ತಾ ಇದ್ದೆ ಮೇಡಂ."

ನರ್ಸಮ್ಮ ಮೇಜಿನ ಮೇಲಿದ್ದ ಕೆಂಪು ಡೈರಿಯ ಬೆನ್ನು ನೋಡಿದರು. ಆಮೇಲೆ ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು.

ಡಾಕ್ಟರಮ್ಮ ವಿಷಯ ಹೇಳಿ ಮುಗಿಸಿದರು. ಪಥ್ಯ ಸರಿಯಾಗಿ ಮಾಡಿದರೂ ನೋವು ಹೋಗದವರಿಗೆ ಈ ಔಷಧಿ. ಇವರ ಪಥ್ಯ ಒಂಬತ್ತು ವರ್ಷದಲ್ಲಿ ಭಾನುವಾರ ಬಿಟ್ಟರೆ ಒಂದು ದಿನವೂ ನಡೆದಿಲ್ಲ. ಅಂಟು ಬದಲಾಯಿಸಿ, ಬೆರಳು ಬಾಯಿಂದ ದೂರ ಇಡಿ, ಔಷಧಿ ನಿಮಗೆ ಬೇಕಾಗಿಯೇ ಇಲ್ಲ. ಹದಿನೇಳನೇ ನಂಬರಿಗೆ ಬೇರೆಯವರು ಕಾಯುತ್ತಿದ್ದಾರೆ.

ನೋವು ಹೋಗುತ್ತದೆ ಎಂದರೆ ಯಾರಾದರೂ ಕುಣಿಯಬೇಕು. ಬೈಂಡರಣ್ಣನ ಕಣ್ಣು ಗಾಜಿನ ಕಪಾಟು ಬಿಟ್ಟು ಕದಲಲಿಲ್ಲ. ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದಾನೆ, ಈಗ ಯಾವ ಮುಖ ಹೊತ್ತು ಹೋಗುವುದು!

"ಮೇಡಂ, ಅರ್ಧ ಜನಕ್ಕೆ ಔಷಧಿ ಇಲ್ಲದ ಸುಳ್ಳು ಮಾತ್ರೆ ಕೊಡ್ತೀರಲ್ಲ. ನನಗೆ ಅದನ್ನಾದ್ರೂ ಕೊಡಿ!"

ಹೆಂಡತಿ ಆಗ ನಕ್ಕಳು. ಎರಡು ವಾರದಿಂದ ಮುಚ್ಚಿದ್ದ ಬಾಯಿ ತೆರೆದು, ಕುರ್ಚಿ ಅಲುಗುವ ಹಾಗೆ ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ಬೇಕರಿಯಮ್ಮ ಆಕೆಯ ಬೆನ್ನು ಸವರಿದಳು. "ನನ್ನ ಅಡುಗೆಮನೇಲಿ ಏನೂ ಇರ್ಲಿಲ್ಲ ಅಲ್ವಾ ಡಾಕ್ಟ್ರೇ? ಇನ್ನೊಂದು ಸಲ ಹೇಳಿ," ಎಂದಳು ಆಕೆ. ಡಾಕ್ಟರಮ್ಮ ಇನ್ನೊಂದು ಸಲ ಹೇಳಿದರು. ಕೇಳಿದಷ್ಟು ಸಲವೂ ಹೇಳಿದರು.

ಅಂಗಡಿಯಲ್ಲಿ ಈಗ ಅಕ್ಕಿ ಹಿಟ್ಟಿನ ಅಂಟು. ಮೊದಲ ವಾರ ಬೆರಳು ತಾನಾಗಿಯೇ ಬಾಯಿಗೆ ಹೋಗುತ್ತಿತ್ತು, ಎದುರಿನಿಂದ ಬೇಕರಿಯಮ್ಮ "ಹದಿನೇಳೂ!" ಎಂದು ಕೂಗಿದರೆ ಇಳಿಯುತ್ತಿತ್ತು. ಮೂರನೇ ವಾರದ ಒಂದು ಸಂಜೆ ಅಂಗಡಿ ಮುಚ್ಚುವಾಗ ಏನೋ ಮರೆತ ಹಾಗಿದೆಯಲ್ಲ ಎಂದು ಅವನು ಬಾಗಿಲಲ್ಲೇ ನಿಂತು ಜೇಬು, ಬೀಗ, ಡಬ್ಬಿ ಎಲ್ಲ ತಡಕಿದ. ಆಮೇಲೆ ತಿಳಿಯಿತು, ಮರೆತಿದ್ದುದು ಹೊಟ್ಟೆನೋವನ್ನು.

ಮರುದಿನ ಹೆಂಡತಿ ಅಂಗಡಿಗೆ ಬಂದಳು. ನೇರವಾಗಿ ಸ್ಟವ್ವಿನ ಹತ್ತಿರ ಹೋಗಿ ಪಾತ್ರೆಯೊಳಗೆ ಇಣುಕಿದಳು. "ಇವತ್ತು ಇದಕ್ಕೆ ಏನು ಹಾಕಿದ್ರಿ?"

"ಅಕ್ಕಿ ಹಿಟ್ಟು, ನೀರು. ಆಣೆ."

"ಹೂಂ." ಕೈಚೀಲದಿಂದ ಒಂಬತ್ತು ನೋಟುಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. "ಎಲ್ಲ ಸೇರಿಸಿ ಒಂದೇ ಬೈಂಡು ಮಾಡ್ಕೊಡಿ. ಕೆಂಪು ಚರ್ಮ. ಮೇಲೆ ಚಿನ್ನದ ಅಕ್ಷರ."

"ಏನಂತ ಹಾಕ್ಲಿ?"

"ತಪ್ಪು ಇವರದೇ."

ಅವನು ತಲೆ ತಗ್ಗಿಸಿದ. ಆಕೆ ಹೋದ ಮೇಲೆ ಹಾಳೆ ಜೋಡಿಸಲು ಮೊದಲನೆಯದನ್ನು ಬಿಚ್ಚಿದವನು ನಿಂತುಬಿಟ್ಟ. ಆಮೇಲೆ ಕೂತ. ಆ ಮನುಷ್ಯ ಎರಡು ದಿನ ಕೂತಲ್ಲಿಂದ ಏಳಲಿಲ್ಲ ಎಂದು ಬೀದಿಯವರು ಇವತ್ತಿಗೂ ಹೇಳುತ್ತಾರೆ. ಪುಟದ ಮೇಲೆ ಪುಟ: 'ಸಂಜೆ ನೋವು: ಇದೆ.' 'ಸಂಜೆ ನೋವು: ಇದೆ.' ಐದನೇ ಪುಸ್ತಕದ ಒಂದು ಪುಟದ ಅಂಚಿನಲ್ಲಿ ಸಣ್ಣದಾಗಿ: 'ನನ್ನ ಕೈಯಲ್ಲೇ ಏನೋ ದೋಷವಿರಬೇಕು.'

ಮೂರನೇ ದಿನ ಸಂಜೆ ಪುಸ್ತಕವನ್ನು ಮನೆಗೆ ತಂದು ಆಕೆಯ ಕೈಗಿಟ್ಟ. ಕೆಂಪು ಚರ್ಮ, ಬೆನ್ನು ಗಟ್ಟಿ. ಮೇಲೆ ಆಕೆ ಹೇಳಿದ ಹಾಗೆಯೇ 'ತಪ್ಪು ಇವರದೇ'. ಅದರ ಕೆಳಗೆ, ಹೇಳದೇ ಹಾಕಿದ್ದ ಒಂದು ಸಾಲು, ಅದೂ ಚಿನ್ನದಲ್ಲಿ: 'ಓದಿ, ತಿಳಿದು, ಒಪ್ಪಿದ್ದೇನೆ. ೧೭.'

ಆಕೆ ಅಕ್ಷರದ ಮೇಲೆ ಬೆರಳಾಡಿಸಿದಳು. ಗಂಡನ ಮುಖವನ್ನು ಒಮ್ಮೆ ಅಳೆದು ನೋಡಿದಳು.

"ನಿಜವಾಗ್ಲೂ ಓದಿದ್ರಾ? ಇಲ್ಲಾ ಇದಕ್ಕೂ ಪಿನ್ನು ನೋಡಿದ್ರಾ?"

"ಪೂರ್ತಿ ಓದಿದೆ."

"ಬೀನ್ಸ್ ಯಾವಾಗ ಬಿಟ್ವಿ, ಹೇಳಿ."

"ಎರಡನೇ ಪುಸ್ತಕ, ನಲವತ್ತೊಂದನೇ ಪುಟ," ಎಂದ ಅವನು. "ಬೀನ್ಸಿಂದೇನೂ ತಪ್ಪಿರಲಿಲ್ಲ ಕಣೇ. ಪಾಪ."

ಆಕೆ ಪುಸ್ತಕವನ್ನು ಎತ್ತಿ, ಒಮ್ಮೆ ಜೋರಾಗಿ ಗೋಡೆಗೆ ಹೊಡೆದು ನೋಡಿದಳು. ಒಂದು ಹಾಳೆಯೂ ಕಳಚಲಿಲ್ಲ.

"ಕೈ ತೊಳ್ಕೊಂಡು ಬನ್ನಿ," ಎಂದಳು. "ಇವತ್ತು ಬೀನ್ಸ್ ಮಾಡಿದ್ದೀನಿ."